ಬೈಲು, ಬೆಟ್ಟು, ಪದವು: ಬೆಳುವಾಯಿಯ ಸುತ್ತ ಸೈಕಲ್ ಮೇಲೆ ಇಬ್ಬರ ಒಂದು ದಿನ

ಬೆಳುವಾಯಿ ಇರುವುದು ಮೂಡುಬಿದಿರೆಗೂ ಕಾರ್ಕಳಕ್ಕೂ ನಡುವೆ, ರಾಷ್ಟ್ರೀಯ ಹೆದ್ದಾರಿ 169ರಲ್ಲಿ. ನೇರವಾಗಿ ಅಳೆದರೆ ಪಡುವಣ ಕಡಲು ಇಲ್ಲಿಂದ ಸುಮಾರು ಇಪ್ಪತ್ತೈದು ಕಿ.ಮೀ.; ಮೂಡಣದ ಕುದುರೆಮುಖದ ಸಾಲಿಗೂ ಹೆಚ್ಚುಕಡಿಮೆ ಅಷ್ಟೇ ದೂರ. ಕಡಲತಡಿಯ ಮಟ್ಟಸ ಮರಳುನೆಲಕ್ಕೂ ಘಾಟಿಯ ಕಡಿದಾದ ಗೋಡೆಗೂ ಮಧ್ಯೆ ಬಿದ್ದಿರುವ ಈ ನಡುನಾಡು ಮೂಡುಬಿದಿರೆ, ಬೆಳ್ತಂಗಡಿ, ಬಂಟ್ವಾಳ ಮೂರು ತಾಲ್ಲೂಕುಗಳಲ್ಲೂ ಹಬ್ಬಿದೆ. ಗಂಡ-ಹೆಂಡತಿ ಒಂದೇ ಹಗಲಲ್ಲಿ ಸೈಕಲ್ ತುಳಿದು ಸುತ್ತಿ ಬರಲು ಇದಕ್ಕಿಂತ ಒಳ್ಳೆಯ ನೆಲ ಕರಾವಳಿಯಲ್ಲಿ ಸಿಗುವುದು ಕಷ್ಟ. ನೆಲದ ಗುಣ ತಿಳಿಯದೆ ಹೊರಟವರನ್ನು ಹನ್ನೊಂದು ಗಂಟೆಗೇ ಮರದ ನೆರಳಲ್ಲಿ ಕೂರಿಸಿಬಿಡುವುದೂ ಇದೇ ನೆಲ.

ಈ ನೆಲದ ಮೈಕಟ್ಟಿಗೆಲ್ಲ ಮೂಲ ಮುರಕಲ್ಲು. ಅಡಿಯ ಹಳೆಯ ಶಿಲೆ ಲಕ್ಷಾಂತರ ವರ್ಷಗಳ ಮಳೆ-ಬಿಸಿಲಿಗೆ ಶಿಥಿಲವಾಗಿ, ಕರಗುವ ಅಂಶವೆಲ್ಲ ತೊಳೆದುಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಹೆಚ್ಚಾಗಿ ಉಳಿದಾಗ ಈ ಕೆಂಪುಕಲ್ಲು ರೂಪುಗೊಳ್ಳುತ್ತದೆ. ನೆಲದಲ್ಲಿದ್ದಾಗ ಕಡಿಯಲು ಬರುವಷ್ಟು ಮೆದು. ಗಾಳಿ-ಬಿಸಿಲಿಗೆ ಒಡ್ಡಿದ ಮೇಲೆ ಮನೆ ಕಟ್ಟುವಷ್ಟು ಗಟ್ಟಿ. ಇಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರ್ ಆಸುಪಾಸು ಮಳೆ ಸುರಿಯುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆ ನೀರು ಮುರಕಲ್ಲಿನ ಹೊದಿಕೆಯನ್ನು ಕೊರೆದ ಕಡೆಯಲ್ಲಿ ಕಣಿವೆ, ಕೊರೆಯಲಾಗದ ಕಡೆಯಲ್ಲಿ ಚಪ್ಪಟೆ ತಲೆಯ ಗುಡ್ಡ. ಇಡೀ ನಾಡು ಹೀಗೆ ನೂರಾರು ಸಣ್ಣ ಗುಡ್ಡ, ನೂರಾರು ಸಣ್ಣ ಕಣಿವೆಗಳಾಗಿ ಹೋಳಾಗಿದೆ. ರಸ್ತೆ ಯಾವ ದಿಕ್ಕಿಗೆ ಹೊರಟರೂ ಇವನ್ನು ಅಡ್ಡಹಾಯಲೇಬೇಕು.

ಮುರಕಲ್ಲಿಗೆ ಜಗತ್ತಿನ ಭೂವಿಜ್ಞಾನ ಕೊಟ್ಟ ಹೆಸರು ‘ಲ್ಯಾಟರೈಟ್’. ಆ ಹೆಸರನ್ನು ಇಟ್ಟ ಫ್ರಾನ್ಸಿಸ್ ಬುಕನನ್ ಈ ದಾರಿಯಲ್ಲೇ ಹಾದುಹೋದವನು. ಟಿಪ್ಪು ಸುಲ್ತಾನನ ಪತನದ ನಂತರ ಹೊಸ ಸೀಮೆಯ ಕೃಷಿ-ವ್ಯಾಪಾರಗಳನ್ನು ಪರಿಶೀಲಿಸಲು ಈಸ್ಟ್ ಇಂಡಿಯಾ ಕಂಪನಿ ಕಳಿಸಿದ್ದ ಈ ವೈದ್ಯ 1801ರ ಮೊದಲ ತಿಂಗಳುಗಳಲ್ಲಿ ಬೆಳ್ತಂಗಡಿ, ವೇಣೂರು, ಮೂಡುಬಿದಿರೆ, ಕಾರ್ಕಳಗಳ ಮೂಲಕ ಉತ್ತರಕ್ಕೆ ಸಾಗಿದ. ಕೇರಳದ ಅಂಗಡಿಪುರಂನಲ್ಲಿ ಕಂಡ ಕಲ್ಲಿಗೆ ಅವನು ಕೊಟ್ಟ ಈ ಹೆಸರು 1807ರಲ್ಲಿ ಪ್ರಕಟವಾದ ಅವನ ಪ್ರವಾಸ ಗ್ರಂಥದ ಮೂಲಕ ಎಲ್ಲೆಡೆ ಹರಡಿತು. ಇಂದು ಬೆಳುವಾಯಿಯಿಂದ ಸೈಕಲ್ ಹೊರಡಿಸುವ ಜೋಡಿ ಒಂದು ಹಗಲಿನಲ್ಲಿ ಮುಗಿಸುವ ದಾರಿಯಲ್ಲಿ ದೊಡ್ಡ ಪಾಲು ಬುಕನನ್ ದಿನಗಟ್ಟಲೆ ತೆಗೆದುಕೊಂಡು ನೋಡಿದ ದಾರಿಯೇ.

ಗುಡ್ಡ-ಕಣಿವೆಗಳ ಈ ಏರಿಳಿತವನ್ನು ಇಲ್ಲಿಯ ರೈತರು ನಕ್ಷೆ ಇಲ್ಲದೆಯೇ ಅಳೆದು ಹೆಸರಿಟ್ಟಿದ್ದಾರೆ. ಕಣಿವೆಯ ತಳದ, ವರ್ಷವಿಡೀ ತೇವ ಆರದ ಗದ್ದೆ ಬೈಲು. ಅಲ್ಲಿ ಏಣೆಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ. ಅದಕ್ಕಿಂತ ಮೇಲಿನ ಮೆಟ್ಟಿಲು ಮಜಲು, ಎರಡು ಬೆಳೆ. ಇನ್ನೂ ಮೇಲೆ, ಮಳೆಯನ್ನೇ ನಂಬಿ ಒಂದೇ ಬೆಳೆ ಕೊಡುವುದು ಬೆಟ್ಟು. ಅದನ್ನೂ ದಾಟಿದರೆ ಬೇಸಾಯಕ್ಕೆ ಬಾರದ ಮುರಕಲ್ಲಿನ ಹಾಸು: ಪದವು, ಅಡ್ಕ. ಭೂಕಂದಾಯದ ಲೆಕ್ಕಕ್ಕೆ ಬಳಕೆಯಾದ ಈ ಮಾತುಗಳು ಊರುಗಳ ಹೆಸರಿನಲ್ಲಿ ಗಟ್ಟಿಯಾಗಿ ಕೂತಿವೆ. ಸೈಕಲ್ ತುಳಿಯುವವರಿಗೆ ಇದಕ್ಕಿಂತ ಉಪಯುಕ್ತವಾದ ಮಾಹಿತಿ ಇನ್ನೊಂದಿಲ್ಲ. ವಾಮದಪದವು ಎಂಬ ಊರಿಗೆ ಹೋಗುವುದೆಂದರೆ ಕೊನೆಗೆ ಏರಲೇಬೇಕು. ದರೆಗುಡ್ಡೆ ಎಂಬ ಹೆಸರಿನಲ್ಲೇ ಗುಡ್ಡೆ ಇದೆ. ಪಾಲಡ್ಕ, ಕೊಡ್ಯಡ್ಕಗಳಲ್ಲಿ ಅಡ್ಕವಿದೆ. ಇರುವೈಲು ಬೈಲನ್ನು ನೆನಪಿಸುತ್ತದೆ. ದಿಕ್ಕೂ ಹೆಸರಿನಲ್ಲಿದೆ: ಪಡುಮಾರ್ನಾಡು ಪಶ್ಚಿಮಕ್ಕೆ, ಮೂಡುಮಾರ್ನಾಡು ಪೂರ್ವಕ್ಕೆ, ತೆಂಕಮಿಜಾರು ದಕ್ಷಿಣಕ್ಕೆ, ಬಡಗಮಿಜಾರು ಉತ್ತರಕ್ಕೆ. ಬಯಲುಸೀಮೆಯಂತೆ ಮನೆಗಳು ಒತ್ತೊತ್ತಾಗಿ ಸೇರಿದ ಹಳ್ಳಿ ಇಲ್ಲಿಲ್ಲ. ಒಂದೊಂದು ಮನೆ ಒಂದೊಂದು ತೋಟದ ನಡುವೆ. ಹಾಗಾಗಿ ಅಂಗಡಿ ಸಿಗುವುದು ಕವಲುದಾರಿಗಳಲ್ಲಿ ಮಾತ್ರ. ಹೊಸಂಗಡಿ, ಪಡಂಗಡಿ, ಅಳದಂಗಡಿ ಎಂಬ ಹೆಸರುಗಳು ಯಾವ ಕಾಲದವೋ, ನೀರು-ತಿಂಡಿ ಎಲ್ಲಿ ಸಿಕ್ಕೀತೆಂದು ಇಂದಿಗೂ ಹೇಳುತ್ತಿವೆ.

ಹೊರಗಿನಿಂದ ಬಂದವರು ಎಡವುವುದು ಎತ್ತರದ ಲೆಕ್ಕದಲ್ಲಿ. ಮೂಡುಬಿದಿರೆಯ ಸುತ್ತ ಒಂದೊಂದು ಏರೂ ಮೂವತ್ತು, ನಲವತ್ತು, ಹೆಚ್ಚೆಂದರೆ ಅರವತ್ತು ಮೀಟರಿನದು. ಬಿಡಿಬಿಡಿಯಾಗಿ ನೋಡಿದರೆ ಯಾವುದಕ್ಕೂ ಹೆದರಬೇಕಿಲ್ಲ. ಆದರೆ ನಲವತ್ತು ಮೀಟರಿನ ಏರನ್ನು ಇಪ್ಪತ್ತು ಸಲ ಹತ್ತಿದರೆ 800 ಮೀಟರ್ ಆಯಿತು; ಅದು ಒಂದು ಘಾಟಿಯನ್ನೇ ಹತ್ತಿದಷ್ಟು. ಸೈಕಲ್, ಸವಾರ, ಚೀಲ ಸೇರಿ 85 ಕಿಲೊ ಇದೆಯೆಂದು ಹಿಡಿದರೆ, ಆ 800 ಮೀಟರ್ ಏರಲು ಮೈ ಸುಡಬೇಕಾದದ್ದು 600ಕ್ಕೂ ಹೆಚ್ಚು ಕಿಲೊಕ್ಯಾಲರಿ. ಸ್ನಾಯುಗಳು ತಿಂದ ಅನ್ನದ ಶಕ್ತಿಯಲ್ಲಿ ಕಾಲು ಭಾಗವನ್ನಷ್ಟೇ ಪೆಡಲಿಗೆ ಮುಟ್ಟಿಸುತ್ತವೆ, ಉಳಿದದ್ದು ಬಿಸಿಯಾಗಿ ಬೆವರಿನಲ್ಲಿ ಹೋಗುತ್ತದೆ.

ಇಳಿಜಾರಿನಲ್ಲಿ ಗಳಿಸಿದ ವೇಗವೇ ಮುಂದಿನ ಏರನ್ನು ಹತ್ತಿಸುತ್ತದೆಂಬ ನಂಬಿಕೆಯೂ ಇಲ್ಲಿ ಪೂರ್ತಿ ಫಲಿಸುವುದಿಲ್ಲ. ಗಂಟೆಗೆ 40 ಕಿ.ಮೀ. ವೇಗದಲ್ಲಿರುವ ಸೈಕಲ್, ಪೆಡಲ್ ಮುಟ್ಟದೆ ಬರೀ ಆ ಓಟದಿಂದ ಏರಬಲ್ಲದ್ದು ಸುಮಾರು ಆರು ಮೀಟರ್. ಗಾಳಿಯ ತಡೆ ಕಳೆದರೆ ಇನ್ನೂ ಕಡಿಮೆ. ನಲವತ್ತು ಮೀಟರಿನ ಏರಿನಲ್ಲಿ ಉಳಿದ ಮೂವತ್ತನಾಲ್ಕೂ ಕಾಲಿನ ಪಾಲಿಗೆ. ಅದಲ್ಲದೆ ಇಲ್ಲಿಯ ಪ್ರತಿ ಇಳಿಜಾರಿನ ತಳದಲ್ಲಿ ಒಂದು ಬೈಲು, ಬೈಲಿನಲ್ಲಿ ಒಂದು ತೋಡು, ತೋಡಿಗೊಂದು ಕಿರುಸೇತುವೆ. ಅದಕ್ಕೆ ಸೇರಿದಂತೆ ಬಹುಪಾಲು ಒಂದು ತಿರುವು. ವೇಗ ಅತಿ ಹೆಚ್ಚಿರುವ ಜಾಗದಲ್ಲೇ ರಸ್ತೆ ಕಿರಿದಾಗಿ, ಬ್ರೇಕ್ ಹಿಡಿಯಲೇಬೇಕಾಗುತ್ತದೆ. ಆರು ಮೀಟರಿನ ಆ ಕಾಣಿಕೆಯೂ ಬ್ರೇಕ್ ರಬ್ಬರಿನಲ್ಲಿ ಸವೆದುಹೋಗುತ್ತದೆ. ಎದುರಿನ ಏರಿಗೆ ಮೊದಲೇ ಹಗುರ ಗಿಯರ್ ಹಾಕಿಕೊಳ್ಳುವವರು ಬದುಕಿದರು. ಏರಿನ ನಡುವೆ, ಚೈನಿಗೆ ಪೂರ್ತಿ ಭಾರ ಬಿದ್ದ ಮೇಲೆ ಗಿಯರ್ ಬದಲಿಸಲು ಹೋದವರ ಚೈನು ಕಳಚುತ್ತದೆ, ಕೆಲವೊಮ್ಮೆ ತುಂಡಾಗುತ್ತದೆ.

ಗಿಯರಿನ ಲೆಕ್ಕ ಸರಳ. ಹಳೆಯ ಕರಿ ಸೈಕಲ್ಲಿನಲ್ಲಿ ಪೆಡಲ್ ಒಂದು ಸುತ್ತು ಬಂದರೆ ಸೈಕಲ್ ಐದು ಮೀಟರಿಗೂ ಹೆಚ್ಚು ಮುಂದೆ ಹೋಗುತ್ತದೆ. ಮಟ್ಟಸ ರಸ್ತೆಗೆ ಅದು ಸೊಗಸು. ನೂರು ಮೀಟರಿಗೆ ಆರೇಳು ಮೀಟರ್ ಏರುವ ಇಲ್ಲಿಯ ಏರುಗಳಲ್ಲಿ ಸಾಧಾರಣ ಆರೋಗ್ಯದವರ ವೇಗ ಗಂಟೆಗೆ ಏಳೆಂಟು ಕಿ.ಮೀ.; ಆ ವೇಗಕ್ಕೆ ಐದು ಮೀಟರಿನ ಗಿಯರಿನಲ್ಲಿ ಪೆಡಲ್ ನಿಮಿಷಕ್ಕೆ ಸುಮಾರು ಇಪ್ಪತ್ತೈದೇ ಸುತ್ತು ಬರುತ್ತದೆ, ಒಂದೊಂದು ಸುತ್ತಿಗೂ ಮಂಡಿ ಕಿರುಗುಡುತ್ತದೆ. ಮುಂದೆ 28 ಹಲ್ಲು, ಹಿಂದಿನ ಫ್ರೀವೀಲಿನಲ್ಲಿ 34 ಹಲ್ಲಿನ ಜೋಡಿ ಇದ್ದರೆ ಒಂದು ಸುತ್ತಿಗೆ ಸುಮಾರು ಒಂದೂಮುಕ್ಕಾಲು ಮೀಟರ್. ನಿಮಿಷಕ್ಕೆ ಎಪ್ಪತ್ತು ಸುತ್ತು ಹಗುರವಾಗಿ ತುಳಿದರೂ ಗಂಟೆಗೆ ಏಳು ಕಿ.ಮೀ. ಸಿಗುತ್ತದೆ. ಏರು ಅದೇ, ಕೆಲಸವೂ ಅಷ್ಟೇ; ಅದನ್ನು ಹೆಚ್ಚು ಸಣ್ಣ ತುತ್ತುಗಳಾಗಿ ಹಂಚಿಕೊಂಡಂತೆ.

ಗಿಯರ್ ಇಲ್ಲದ ಕಾಲದಲ್ಲೂ ಈ ಏರುಗಳಲ್ಲಿ ಸೈಕಲ್ ಓಡಿದೆ ಎಂಬುದನ್ನು ಮರೆಯಬಾರದು. ಕ್ಯಾರಿಯರಿಗೆ ಬುಟ್ಟಿ ಕಟ್ಟಿ, ಹಾರ್ನ್ ಒತ್ತುತ್ತ ಕರಾವಳಿಯ ಮೀನನ್ನು ಒಳನಾಡಿನ ಮನೆ ಬಾಗಿಲಿಗೆ ತಂದವರು, ಅಂಚೆ ಹಂಚಿದವರು, ಬೀಡಿ ಎಲೆ-ತಂಬಾಕಿನ ಕಟ್ಟು ಹೊತ್ತವರು ಎಲ್ಲರೂ ಈ ಪದವುಗಳನ್ನು ಸೈಕಲ್ ದೂಡಿಕೊಂಡೇ ಹತ್ತಿದರು, ಇಳಿಜಾರಿನಲ್ಲಿ ಹತ್ತಿ ಕೂತರು. ರಾಜ್ಯ ಸರ್ಕಾರ 2006–07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಹಂಚಲು ತೊಡಗಿದಾಗ ಇಲ್ಲಿಯ ಮಕ್ಕಳಿಗೂ ಸಿಕ್ಕಿದ್ದು ಗಿಯರಿಲ್ಲದ ಸೈಕಲ್ಲೇ. ಶಾಲೆ ಪದವಿನ ಮೇಲಿದ್ದವರು ಬೆಳಿಗ್ಗೆ ದೂಡಿ ಸಂಜೆ ಹಾರಿಬಂದರು. ಏರಿನಲ್ಲಿ ಇಳಿದು ದೂಡುವುದು ಸೋಲೆಂದು ಇಂದಿನ ಪ್ರವಾಸಿಗಳು ಭಾವಿಸಬೇಕಿಲ್ಲ. ಈ ನಾಡಿನಲ್ಲಿ ಅದು ಸೈಕಲ್ ಸವಾರಿಯ ಒಂದು ಭಾಗವೇ ಆಗಿತ್ತು.

ಇಬ್ಬರು ಒಟ್ಟಿಗೆ ಹೊರಟಾಗ ಇನ್ನೊಂದು ಲೆಕ್ಕ ಹುಟ್ಟುತ್ತದೆ. ಮಟ್ಟಸ ರಸ್ತೆಯಲ್ಲಿ ಸವಾರನನ್ನು ತಡೆಯುವುದು ಮುಖ್ಯವಾಗಿ ಗಾಳಿ. ಒಬ್ಬರ ಹಿಂದೆ ಒಬ್ಬರು ಸಾಗಿದರೆ ಶಕ್ತಿಯ ವ್ಯತ್ಯಾಸ ಅಷ್ಟಾಗಿ ಕಾಣುವುದಿಲ್ಲ. ಏರಿನಲ್ಲಿ ತಡೆಯುವುದು ತೂಕ. ಅಲ್ಲಿ ಕಾಲಿನ ಬಲವನ್ನು ಮೈತೂಕದಿಂದ ಭಾಗಿಸಿದಾಗ ಬರುವ ಅಂಕಿಯೇ ವೇಗವನ್ನು ನಿರ್ಧರಿಸುತ್ತದೆ. ಆದ್ದರಿಂದ ಏರಿನಲ್ಲಿ ಹಿಂದೆ ಬೀಳುವವರು ಹೆಂಡತಿಯೇ ಎಂದು ಮೊದಲೇ ತೀರ್ಮಾನಿಸುವುದು ತಪ್ಪು. ದಿನಾ ತೋಟದಲ್ಲಿ ಓಡಾಡುವ ಐವತ್ತು ಕಿಲೊದ ಹೆಂಗಸು, ಮೇಜಿನ ಮುಂದೆ ಕೂತು ದುಡಿಯುವ ಎಂಬತ್ತು ಕಿಲೊದ ಗಂಡಸನ್ನು ಪದವಿನ ತಲೆಯಲ್ಲಿ ಕಾಯುತ್ತ ನಿಲ್ಲುವುದು ಸಹಜವೇ. ಇಳಿಜಾರಿನಲ್ಲಿ ಆಟ ತಿರುವುಮುರುವು: ಹೆಚ್ಚು ತೂಕದವರು ಮುಂದೆ ಹೋಗುತ್ತಾರೆ.

ಹೀಗೆ ಅಗಲಿ ಸೇರುವ ಸವಾರಿಯಲ್ಲಿ ಮನಸ್ತಾಪಕ್ಕೆ ದಾರಿಯಾಗುವುದು ಒಂದೇ ಒಂದು ತಪ್ಪು, ಅದೂ ಬಹಳ ಸಾಮಾನ್ಯವಾದದ್ದು. ಮೊದಲು ಮೇಲೆ ತಲುಪಿದವರು ಕಾಯುತ್ತಾರೆ, ಸುಧಾರಿಸಿಕೊಳ್ಳುತ್ತಾರೆ, ನೀರು ಕುಡಿಯುತ್ತಾರೆ; ಹಿಂದಿನವರು ಏದುಸಿರು ಬಿಡುತ್ತ ಬಂದು ಮುಟ್ಟಿದ ತಕ್ಷಣ ಹೊರಟುಬಿಡುತ್ತಾರೆ. ಬಲವಿದ್ದವರಿಗೆ ಪ್ರತಿ ಏರಿಗೂ ವಿಶ್ರಾಂತಿ, ಬಲ ಕಡಿಮೆಯಿದ್ದವರಿಗೆ ದಿನವಿಡೀ ವಿಶ್ರಾಂತಿಯೇ ಇಲ್ಲ. ಕೊನೆಗೆ ತಲುಪಿದವರು ಹೊರಡೋಣ ಎಂದ ಮೇಲೆಯೇ ಹೊರಡುವುದು, ಬಲವಿದ್ದವರ ಕ್ಯಾರಿಯರಿಗೇ ಚೀಲವೆಲ್ಲ ಕಟ್ಟುವುದು, ಮಟ್ಟಸ ದಾರಿಯಲ್ಲಿ ನಿಧಾನದವರನ್ನು ಮುಂದೆ ಬಿಡುವುದು: ಇಷ್ಟು ಮಾಡಿಕೊಂಡರೆ ಇಪ್ಪತ್ತು ಏರುಗಳೂ ಒಟ್ಟಿಗೇ ಕಳೆಯುತ್ತವೆ. ಇಬ್ಬರೂ ಒಂದೇ ಚೌಕಟ್ಟಿನ ಮೇಲೆ ಕೂತು ತುಳಿಯುವ ಟ್ಯಾಂಡೆಮ್ ಸೈಕಲ್ ಈ ತೊಡಕನ್ನು ಬೇರು ಸಹಿತ ಕೀಳುತ್ತದೆ, ಏಕೆಂದರೆ ಅದರಲ್ಲಿ ಅಗಲುವ ಪ್ರಶ್ನೆಯೇ ಇಲ್ಲ. ಆದರೆ ಅದರ ಸೊಗಸು ಮಟ್ಟಸ ರಸ್ತೆಗೆ. ಏರಿನಲ್ಲಿ ಇಬ್ಬರ ತುಳಿತದ ಲಯ ಕೂಡಿಬರಬೇಕು. ಇಳಿಜಾರಿನಲ್ಲಿ ಇಬ್ಬರ ಭಾರವನ್ನು ಒಂದು ಜೊತೆ ಬ್ರೇಕ್ ತಡೆಯಬೇಕು. ಕ್ಷಣಕ್ಷಣಕ್ಕೆ ಏರಿಳಿಯುವ ಈ ನೆಲಕ್ಕೆ ಎರಡು ಬೇರೆ ಸೈಕಲ್ಲುಗಳೇ ಮೇಲು.

ಸೈಕಲ್ ಮೇಲೆ ದಂಪತಿ ದೇಶ ನೋಡುವುದು ಹೊಸತೇನಲ್ಲ. ಜಾನ್ ಡನ್‌ಲಪ್ ಗಾಳಿ ತುಂಬಿದ ಟಯರನ್ನು ರೂಢಿಗೆ ತಂದದ್ದು 1888ರಲ್ಲಿ. ಅದಾಗಿ ಹತ್ತು ವರ್ಷ ಕಳೆಯುವಷ್ಟರಲ್ಲಿ ಅಮೆರಿಕದ ಫ್ಯಾನಿ ಬುಲಕ್ ವರ್ಕ್‌ಮನ್ ಮತ್ತು ಆಕೆಯ ಗಂಡ ವಿಲಿಯಂ ಹಂಟರ್ ವರ್ಕ್‌ಮನ್ ಭಾರತದಲ್ಲಿ ಸೈಕಲ್ ತುಳಿಯುತ್ತಿದ್ದರು. ದೇವಾಲಯಗಳನ್ನು ನೋಡುತ್ತ ಅವರು ಕ್ರಮಿಸಿದ ಹದಿನಾಲ್ಕು ಸಾವಿರ ಮೈಲಿಗಳ ಕಥನ 1904ರಲ್ಲಿ ಪುಸ್ತಕವಾಗಿ ಬಂತು. ಫ್ರಾನ್ಸಿನ ಸೈಂಟ್ ಎಟಿಯನ್ ಎಂಬ ಗುಡ್ಡಗಾಡಿನ ಪಟ್ಟಣದ ಪೌಲ್ ದ ವಿವಿ ಅದೇ ಕಾಲದಲ್ಲಿ ಏರುದಾರಿಗೆ ಹಲವು ಗಿಯರ್ ಬೇಕೆಂದು ಜೀವಮಾನವಿಡೀ ವಾದಿಸಿದ. ಹಸಿಯುವ ಮೊದಲೇ ತಿನ್ನಬೇಕು, ಬಾಯಾರುವ ಮೊದಲೇ ಕುಡಿಯಬೇಕು ಎಂಬ ಅವನ ಬುದ್ಧಿಮಾತು ಡಿಸೆಂಬರಿನಲ್ಲೂ ಬೆವರಿಳಿಸುವ ನಮ್ಮ ಕರಾವಳಿಗೆ ಹೇಳಿಮಾಡಿಸಿದಂತಿದೆ.

ಹೊರಡಲು ತಕ್ಕ ಕಾಲ ನವೆಂಬರ್‌ನಿಂದ ಫೆಬ್ರವರಿ. ಮಳೆಗಾಲದಲ್ಲಿ ನೆರಳಿರುವ ಒಳರಸ್ತೆಗಳ ಅಂಚಿಗೆ ಪಾಚಿ ಕಟ್ಟುತ್ತದೆ; ನಡೆಯುವವರೇ ಜಾರುವಲ್ಲಿ ಸೈಕಲ್ ನಿಲ್ಲುವುದು ದೂರದ ಮಾತು. ಮಾರ್ಚ್ ಕಳೆದರೆ ಸೆಕೆ. ಡಿಸೆಂಬರಿನಲ್ಲಿ ಸೂರ್ಯ ಹುಟ್ಟುವುದು ಸುಮಾರು ಆರೂಮುಕ್ಕಾಲಿಗೆ, ಮುಳುಗುವುದು ಆರು ದಾಟುತ್ತಿದ್ದಂತೆ. ಕೈಯಲ್ಲಿರುವುದು ಹನ್ನೊಂದು ಗಂಟೆಯ ಬೆಳಕು. ಬೆಳುವಾಯಿ–ಮೂಡುಬಿದಿರೆ–ವೇಣೂರು–ನಾರಾವಿ–ಶಿರ್ತಾಡಿ ಎಂದು ಸುತ್ತಿ ಹೊರಟಲ್ಲಿಗೇ ಬರುವ ದಾರಿ, ಆರಿಸಿಕೊಂಡ ಒಳರಸ್ತೆಗೆ ತಕ್ಕಂತೆ, ಅರವತ್ತರಿಂದ ಎಪ್ಪತ್ತು ಕಿ.ಮೀ. ಆಗುತ್ತದೆ. ಆ ಬೆಳಕಿಗೆ ಇದು ಸರಿಯಾದ ಅಳತೆ: ತುಳಿಯಲು ಆರು ಗಂಟೆ, ನೋಡಲು ಮೂರು, ಉಣ್ಣಲು-ಮಲಗಲು ಎರಡು.

ಮೊದಲ ಏಳೆಂಟು ಕಿ.ಮೀ. ಹೆದ್ದಾರಿಯಲ್ಲಿ. ಬಿಕರ್ನಕಟ್ಟೆಯಿಂದ ಸಾಣೂರಿನವರೆಗಿನ ಸುಮಾರು 45 ಕಿ.ಮೀ. ಉದ್ದಕ್ಕೂ ಹೆದ್ದಾರಿ ಚತುಷ್ಪಥವಾಗುವ ಕಾಮಗಾರಿಗೆ ಒಳಗಾದ ದಾರಿ ಇದು. ಬಸ್ಸು, ಟಿಪ್ಪರ್‌ಗಳ ಓಡಾಟ ಏರುವ ಮೊದಲೇ, ಬೆಳಕು ಹರಿಯುತ್ತಿದ್ದಂತೆ ಇದನ್ನು ದಾಟಿಬಿಡಬೇಕು. ಇಬ್ಬರೂ ಸಾಲಾಗಿ, ಒಬ್ಬರ ಹಿಂದೆ ಒಬ್ಬರು. ಅಕ್ಕಪಕ್ಕ ಸಾಗಿ ಮಾತಾಡುವುದಕ್ಕೆ ಮುಂದೆ ಬೇಕಾದಷ್ಟು ಖಾಲಿ ರಸ್ತೆ ಇದೆ. ಮೂಡುಬಿದಿರೆಗೆ ತಲುಪಿದಾಗ ಬಸದಿಗಳ ಬಾಗಿಲು ತೆರೆಯುವ ಹೊತ್ತು. ಇಲ್ಲಿಯ ಹದಿನೆಂಟು ಬಸದಿಗಳನ್ನೂ ಒಂದೇ ದಿನ ನೋಡುವ ಆಸೆ ಬೇಡ. ವಿಜಯನಗರದ ಅಧೀನನಾಗಿದ್ದ ದೇವರಾಯ ಒಡೆಯನ ಕಾಲದಲ್ಲಿ, 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯೊಂದನ್ನೇ ನಿಧಾನವಾಗಿ ನೋಡಬಹುದು. ಸೈಕಲ್ ಸವಾರರ ಕಣ್ಣು ನಿಲ್ಲಬೇಕಾದ್ದು ಮಾಡಿನ ಮೇಲೆ. ಒಂದರ ಮೇಲೊಂದು ಇಳಿಜಾರು ಮಾಡು, ಗೋಡೆಯಿಂದ ಬಹಳ ಹೊರಗೆ ಚಾಚಿದ ಅಂಚು: ಕಣಿವೆಗಳನ್ನು ಕೊರೆದ ಅದೇ ಮಳೆ ಶಿಲ್ಪಿಗಳಿಂದಲೂ ಈ ಆಕಾರವನ್ನು ಕಡಿಸಿದೆ. ಸೈಕಲ್ ನಿಲ್ಲಿಸುವುದು ರಥಬೀದಿಯ ಅಂಚಿನಲ್ಲಿ. ಪೆಡಲಿಗೆ ಕಚ್ಚಿಕೊಳ್ಳುವ ಲೋಹದ ತಳದ ಬೂಟು ಹಾಕಿದವರು ನಯವಾದ ಕಲ್ಲುಹಾಸಿನಲ್ಲಿ ಜಾರದಂತೆ ನಡೆಯಬೇಕು.

ಮೂಡುಬಿದಿರೆಯಿಂದ ವೇಣೂರಿಗೆ ಸುಮಾರು ಇಪ್ಪತ್ತು ಕಿ.ಮೀ. ಹೊಸಂಗಡಿ, ಪೆರಿಂಜೆಗಳನ್ನು ಹಾದುಹೋಗುವ ಈ ರಸ್ತೆಯಲ್ಲಿ ಇಡೀ ನಾಡಿನ ಅಡ್ಡಛೇದ ಸಿಗುತ್ತದೆ. ಪದವಿನ ತಲೆಯಲ್ಲಿ ಗೇರುಮರ, ಒಣಹುಲ್ಲು, ಮುರಕಲ್ಲಿನ ಕಪ್ಪು ಹಾಸು, ಇಳಿಯುತ್ತಿದ್ದಂತೆ ರಬ್ಬರ್, ಇನ್ನೂ ಇಳಿದರೆ ಕಂಗಿನ ತೋಟ, ತಳದಲ್ಲಿ ಗದ್ದೆ, ಬೆಳ್ಳಕ್ಕಿ, ತೋಡಿನ ಸದ್ದು. ಗಾಳಿಯ ಉಷ್ಣವೂ ಹಂತಹಂತವಾಗಿ ಬದಲಾಗುತ್ತದೆ: ಬೆಳಗಿನ ತಂಪು ಗಾಳಿ ಭಾರವಾದ್ದರಿಂದ ಬೈಲಿನಲ್ಲಿ ಮಡುಗಟ್ಟಿರುತ್ತದೆ, ಪದವು ಆಗಲೇ ಬೆಚ್ಚಗಾಗಿರುತ್ತದೆ. ಕಾರಿನಲ್ಲಿ ಹೋದವರಿಗೆ ಇದು ತಿಳಿಯುವುದೇ ಇಲ್ಲ. ತಿಳಿದವರಿಗೆ ಇನ್ನೊಂದೂ ಕಾಣುತ್ತದೆ. ಒಂದು ಬೆಳೆಯ ಬೆಟ್ಟುಗದ್ದೆಗಳು ಎಷ್ಟೋ ಕಡೆ ಗದ್ದೆಯಾಗಿ ಉಳಿದಿಲ್ಲ. ಅಂಚು ಮಾತ್ರ ಮೆಟ್ಟಿಲಿನಂತೆ ಉಳಿದು, ಒಳಗೆ ಅಡಿಕೆಯೋ ರಬ್ಬರೋ ಎದ್ದಿದೆ, ಇಲ್ಲವೇ ಹಡಿಲು ಬಿದ್ದಿದೆ. ಕೂಲಿಯ ಖರ್ಚು, ಭತ್ತದ ಬೆಲೆ ನೋಡಿದರೆ ರೈತರನ್ನು ದೂರಲಾಗದು. ಬೆಟ್ಟು ಎಂಬ ಮಾತು ಮಾತ್ರ ನೆಲದಿಂದ ಹೆಸರಿಗೆ ಸರಿದು ಅಲ್ಲೇ ನಿಂತಿದೆ, ಇದು ನೋವಿನ ಸಂಗತಿ.

ವೇಣೂರು ಫಲ್ಗುಣಿ ಹೊಳೆಯ ದಡದಲ್ಲಿದೆ. ಮುಂದೆ ಗುರುಪುರ ನದಿ ಎನಿಸಿಕೊಂಡು ಮಂಗಳೂರಿನಲ್ಲಿ ಕಡಲು ಸೇರುವುದು ಇದೇ ಹೊಳೆ. ಇಲ್ಲಿಯ ಗೊಮ್ಮಟನನ್ನು 1604ರಲ್ಲಿ ನಿಲ್ಲಿಸಿದವನು ಅಜಿಲ ವಂಶದ ವೀರ ತಿಮ್ಮಣ್ಣ. ಎತ್ತರ ಸುಮಾರು 35 ಅಡಿ. ಕಾರ್ಕಳದಲ್ಲಿ 1432ರಲ್ಲೇ ನಿಂತಿದ್ದ 42 ಅಡಿಯ ಮೂರ್ತಿಯ ಕೀರ್ತಿ ಕುಂದೀತೆಂದು ಅಲ್ಲಿಯ ಅರಸ ಯುದ್ಧಕ್ಕೆ ಬಂದನೆಂದೂ, ಮೂರ್ತಿಯನ್ನು ಫಲ್ಗುಣಿಯ ಮರಳಿನಲ್ಲಿ ಹೂತು ಕಾಪಾಡಿದರೆಂದೂ ಪ್ರತೀತಿ ಇದೆ. ಹನ್ನೆರಡು ವರ್ಷಕ್ಕೊಮ್ಮೆ ನಡೆಯುವ ಮಹಾಮಸ್ತಕಾಭಿಷೇಕ 2024ರಲ್ಲಿ ನಡೆದಿದೆ. ಕಾರ್ಕಳದ ಗೊಮ್ಮಟ ಬಂಡೆಗುಡ್ಡದ ನೆತ್ತಿಯಲ್ಲಿ ದೂರದಿಂದಲೇ ಕಾಣಿಸಿದರೆ ಇಲ್ಲಿಯವನು ಹೊಳೆಯ ಮಗ್ಗುಲಲ್ಲಿ ನಿಂತಿದ್ದಾನೆ. ಏರಿ ಇಳಿದು ದಣಿದ ಕಾಲುಗಳಿಗೆ, ಬಾಹುಬಲಿಯ ದರ್ಶನಕ್ಕೆ ಮತ್ತೊಂದು ಬೆಟ್ಟ ಹತ್ತಬೇಕಿಲ್ಲ.

ಹತ್ತು ಗಂಟೆ ದಾಟಿದ ಮೇಲೆ ತೋಡುಗಳ ಅಂಚಿನ ಒದ್ದೆ ಮಣ್ಣಿನಲ್ಲಿ ಚಿಟ್ಟೆಗಳು ಗುಂಪಾಗಿ ಕೂರುತ್ತವೆ. ಹೂವಿನ ಮಕರಂದದಲ್ಲಿ ಸಿಗದ ಉಪ್ಪು, ಖನಿಜಗಳನ್ನು ಅವು, ಮುಖ್ಯವಾಗಿ ಗಂಡು ಚಿಟ್ಟೆಗಳು, ಮಣ್ಣಿನಿಂದ ಹೀರಿಕೊಳ್ಳುತ್ತವೆ. ಬೆಳುವಾಯಿಯಲ್ಲಿ ಸಮ್ಮಿಲನ್ ಶೆಟ್ಟಿ ಅವರು ಬೆಳೆಸಿ 2013ರಲ್ಲಿ ಜನರಿಗೆ ತೆರೆದ ಉದ್ಯಾನ ಇರುವುದು ಚಿಟ್ಟೆಗಳಿಗೇ ಮೀಸಲಾಗಿ. ಅಲ್ಲಿ ಬಲೆ ಕಟ್ಟಿ ಕೂಡಿಹಾಕಿಲ್ಲ. ಮರಿಹುಳು ತಿನ್ನುವ ಗಿಡಗಳನ್ನು ನೆಟ್ಟು, ಚಿಟ್ಟೆಗಳು ತಾವೇ ಬರುವಂತೆ ಮಾಡಲಾಗಿದೆ. ರಾಜ್ಯದ ಚಿಟ್ಟೆಯೆನಿಸಿದ ಸದರ್ನ್ ಬರ್ಡ್‌ವಿಂಗ್ ಮೊಟ್ಟೆಯಿಡುವುದು ಈಶ್ವರಿ ಬಳ್ಳಿ ಮತ್ತದರ ಹತ್ತಿರದ ಜಾತಿಗಳ ಮೇಲೆ ಮಾತ್ರ. ಬಳ್ಳಿ ಇಲ್ಲದಿದ್ದರೆ ಚಿಟ್ಟೆಯೂ ಇಲ್ಲ. ಚಿಟ್ಟೆ ಚುರುಕಾಗುವುದು ಬಿಸಿಲು ಏರಿದ ಮೇಲೆ, ಸವಾರಿ ಸುಲಭವಾಗುವುದು ಬಿಸಿಲು ಏರುವ ಮೊದಲು. ಹೀಗಾಗಿ ಉದ್ಯಾನಕ್ಕೆ ಮಾರನೆಯ ಬೆಳಿಗ್ಗೆಯನ್ನೇ ಇಟ್ಟುಕೊಳ್ಳುವುದು ಒಳಿತು.

ಊಟದ ವಿಷಯದಲ್ಲಿ ಈ ಸೀಮೆ ಸವಾರರನ್ನು ಕೈಬಿಡುವುದಿಲ್ಲ. ಬೆಳಿಗ್ಗೆ ಬನ್ಸ್, ನೀರುದೋಸೆ, ಸಜ್ಜಿಗೆ-ಬಜಿಲ್; ದಾರಿಯಲ್ಲಿ ಬೊಂಡ, ಅಂದರೆ ಎಳನೀರು; ಮಧ್ಯಾಹ್ನ ಕುಚ್ಚಲಕ್ಕಿಯ ಗಂಜಿ, ಉಪ್ಪಿನಕಾಯಿ, ಚಟ್ನಿ. ಬೆವರಿನಲ್ಲಿ ಹೋದ ನೀರು-ಉಪ್ಪು ಎರಡನ್ನೂ ಒಟ್ಟಿಗೆ ತುಂಬಲು ತಿಳಿಗಂಜಿಗೆ ಉಪ್ಪು ಹಾಕಿ ಕುಡಿಯುವುದಕ್ಕಿಂತ ಒಳ್ಳೆಯ ಉಪಾಯ ಯಾವ ಪೊಟ್ಟಣದಲ್ಲೂ ಇಲ್ಲ. ಪುನರ್ಪುಳಿಯ ಶರಬತ್ತು ದಾಹಕ್ಕೆ ಹಿತ. ಗೋಳಿಬಜೆಯನ್ನು ಸಂಜೆಗೆ ಉಳಿಸಿಕೊಳ್ಳಬೇಕು. ಎಣ್ಣೆಯದನ್ನು ತಿಂದು ಏರು ಹತ್ತಿದರೆ ಹೊಟ್ಟೆ ಮಾತಾಡುತ್ತದೆ.

ವೇಣೂರಿನಿಂದ ಉತ್ತರಕ್ಕೆ ಹೊರಳಿ ಒಳರಸ್ತೆಗಳಲ್ಲಿ ನಾರಾವಿಯತ್ತ ಸಾಗಿದಂತೆ ಎದುರಿಗೆ ಕುದುರೆಮುಖದ ಸಾಲು ದೊಡ್ಡದಾಗುತ್ತ ಬರುತ್ತದೆ. 1987ರಲ್ಲಿ ಘೋಷಣೆಯಾದ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಅಂಚು ಇಲ್ಲಿಗೆ ದೂರವಿಲ್ಲ. ನಾರಾವಿಯ ಮಗ್ಗುಲ ಕುತ್ಲೂರು ಗ್ರಾಮವನ್ನು ಕೇಂದ್ರ ಪ್ರವಾಸೋದ್ಯಮ ಸಚಿವಾಲಯ 2024ರಲ್ಲಿ ಸಾಹಸ ಪ್ರವಾಸ ವಿಭಾಗದಲ್ಲಿ ದೇಶದ ಅತ್ಯುತ್ತಮ ಪ್ರವಾಸಿ ಗ್ರಾಮವೆಂದು ಆರಿಸಿತು. ಮನೆಗಳು ವಿರಳ, ಕಾಡು ಹತ್ತಿರ, ಮೊಬೈಲಿಗೆ ಸಂಕೇತ ಸಿಗದ ತಗ್ಗುಗಳೂ ಉಂಟು. ಆದ್ದರಿಂದ ಪಂಕ್ಚರ್ ಹಾಕುವ ಸಾಮಾನು, ಒಂದು ಬದಲಿ ಟ್ಯೂಬ್, ಪಂಪು ಕೈಯಲ್ಲಿರಲೇಬೇಕು. ಮತ್ತು ಇಬ್ಬರಿಗೂ ಟ್ಯೂಬ್ ಬದಲಿಸಲು ಬರಬೇಕು. ತಿಳಿದವರು ಒಬ್ಬರೇ ಆದರೆ, ಮುಂದೆ ಹೋದವರ ಚೀಲದಲ್ಲಿ ಪಂಪು, ಹಿಂದೆ ಉಳಿದವರ ಚಕ್ರದಲ್ಲಿ ಮುಳ್ಳು ಎಂಬಂತಾಗುತ್ತದೆ. ಒಂಟಿಮನೆಗಳ ನಾಯಿ ಬೆನ್ನಟ್ಟಿದರೆ ಜೋರಾಗಿ ತುಳಿಯುವುದಕ್ಕಿಂತ ಇಳಿದು, ಸೈಕಲ್ಲನ್ನು ನಡುವೆ ಹಿಡಿದು ನಡೆಯುವುದೇ ಸುರಕ್ಷಿತ. ಓಡುವುದನ್ನು ಕಂಡೇ ಅದು ಅಟ್ಟುವುದು.

ಮಧ್ಯಾಹ್ನದ ಮರುದಾರಿ ಪಶ್ಚಿಮಕ್ಕೆ. ನೆಲ ಕಾದು ಕಡಲಗಾಳಿ ಒಳನಾಡಿಗೆ ಬೀಸುವ ಹೊತ್ತು ಅದು. ಮುಖಕ್ಕೆ ಗಾಳಿ, ಕಣ್ಣಿಗೆ ಬಿಸಿಲು. ನಾರಾವಿ–ಶಿರ್ತಾಡಿ ಕಡೆಯ ರಸ್ತೆಯನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳುವುದು ಇದಕ್ಕೇ: ಮರಗಳ ನೆರಳು ಹೆಚ್ಚು, ಗಾಳಿಯೂ ಮರಗಳಲ್ಲಿ ಹಂಚಿಹೋಗುತ್ತದೆ. ನೆಲ್ಲಿಕಾರು, ಮಾಂಟ್ರಾಡಿ, ವಾಲ್ಪಾಡಿಗಳ ಈ ಸುತ್ತಿನಲ್ಲಿ ವಾಹನ ವಿರಳ. ದಿನದಲ್ಲಿ ಮೊದಲ ಬಾರಿಗೆ ಇಬ್ಬರೂ ಅಕ್ಕಪಕ್ಕ ತುಳಿಯುತ್ತ ಮಾತಾಡಬಹುದಾದ ರಸ್ತೆ ಇದೇ. ಕನ್ನಡ ಸಾಹಿತ್ಯದಲ್ಲಿ ಮಾತಿಗೇ ಹೆಸರಾದ ಗಂಡ-ಹೆಂಡತಿ, ಮುದ್ದಣ-ಮನೋರಮೆಯರನ್ನು ಸೃಷ್ಟಿಸಿದ ಲಕ್ಷ್ಮೀನಾರಣಪ್ಪ ಹುಟ್ಟಿದ ನಂದಳಿಕೆ ಕಾರ್ಕಳದ ಪಡುವಣಕ್ಕಿದೆ. ಬೆಳುವಾಯಿಯ ನೆರೆಯ ಕಾಂತಾವರದಲ್ಲಿ ನಾ. ಮೊಗಸಾಲೆ ಅವರು 1976ರಲ್ಲಿ ಕಟ್ಟಿದ ಕನ್ನಡ ಸಂಘ ಆ ಕವಿಯ ಹೆಸರಿನಲ್ಲಿ ಕಾವ್ಯ ಪ್ರಶಸ್ತಿ ಕೊಡುತ್ತ ಬಂದಿದೆ. ಏರಿನಲ್ಲಿ ಮಾತಾಡಲು ಬರುತ್ತಿದ್ದರೆ ತುಳಿತದ ವೇಗ ಸರಿಯಾಗಿದೆ ಎಂದರ್ಥ; ಒಂದು ವಾಕ್ಯ ಮುಗಿಸಲು ಎರಡು ಉಸಿರು ಬೇಕಾದರೆ ಇನ್ನೊಂದು ಗಿಯರ್ ಇಳಿಸಬೇಕು. ಸಂಗಾತಿಯ ಸುಸ್ತನ್ನು ಅಳೆಯಲು ಯಂತ್ರಕ್ಕಿಂತ ಆಕೆಯ ಅಥವಾ ಆತನ ಮಾತನ್ನು ಆಲಿಸುವುದೇ ಸಾಕು.

ಬಂಟ್ವಾಳದ ಕಡೆಗೆ ಹೊರಳಬೇಕೆನ್ನುವವರಿಗೆ ಮೂಡುಬಿದಿರೆಯಿಂದ ಸಿದ್ದಕಟ್ಟೆಯ ಮಾರ್ಗವಿದೆ. ವಾಮದಪದವು, ಕಾರಿಂಜಗಳನ್ನು ಸೇರಿಸಿಕೊಂಡರೆ ಅದು ಇನ್ನೊಂದು ಇಡೀ ದಿನದ ಸುತ್ತು. ಕಾರಿಂಜೇಶ್ವರ ಬಂಡೆಗುಡ್ಡದ ಮೇಲಿದ್ದಾನೆ. ಅಲ್ಲಿಯ ಮಂಗಗಳಿಗೆ ಕ್ಯಾರಿಯರಿನ ಚೀಲದ ಜಿಪ್ ತೆಗೆಯುವುದು ಕಷ್ಟವೇನಲ್ಲ, ತಿಂಡಿಯನ್ನು ಹೊರಗಿಡಬಾರದು.

ಶಿರ್ತಾಡಿಯಿಂದ ಬೆಳುವಾಯಿಯತ್ತ ಬರುವಾಗ ಬೆಳಕು ಓರೆಯಾಗಿರುತ್ತದೆ. ಇಡೀ ದಿನದ ಅಪಾಯವೆಲ್ಲ ಸೇರಿಕೊಂಡಿರುವುದು ಈ ಕೊನೆಯ ಗಂಟೆಯಲ್ಲಿ: ಎದುರಿನ ಚಾಲಕರ ಕಣ್ಣಿಗೆ ಸೂರ್ಯ ಇಲ್ಲದಿದ್ದರೂ ಹಿಂದಿನಿಂದ ಬರುವವರ ಕಣ್ಣಿಗೆ ನೇರ ಬಿಸಿಲು, ಕಾಲಿಗೆ ದಣಿವು, ಮನೆ ಹತ್ತಿರ ಬಂತೆಂಬ ಅವಸರ. ಹಿಂಬದಿಯ ಕೆಂಪು ದೀಪವನ್ನು ಬೆಳಕಿರುವಾಗಲೇ ಉರಿಸಿಕೊಳ್ಳಬೇಕು. ಡಾಂಬರಿನ ಅಂಚು ಮಣ್ಣಿಗಿಂತ ಒಂದು ಗೇಣು ಎತ್ತರವಿರುವ ಕಡೆಗಳಲ್ಲಿ ಬಸ್ಸಿಗೆ ದಾರಿ ಬಿಡಲು ಓಡುತ್ತಲೇ ಕೆಳಗಿಳಿದರೆ ಮತ್ತೆ ಮೇಲೆ ಬರುವಾಗ ಚಕ್ರ ಜಾರುತ್ತದೆ. ನಿಂತು ದಾರಿ ಕೊಟ್ಟು ಮುಂದುವರಿಯುವುದೇ ಸರಿ.

ಮನೆಗೆ ಬಂದ ಮೇಲೆ ಒಂದು ಕೆಲಸ ಉಳಿಯುತ್ತದೆ. ಮುರಕಲ್ಲಿನ ಕೆಂಪು ಧೂಳು ಎಣ್ಣೆಯೊಂದಿಗೆ ಬೆರೆತು ಚೈನಿನ ಸಂದುಗಳಲ್ಲಿ ಸಾಣೆಹಿಟ್ಟಿನಂತೆ ಕೂತಿರುತ್ತದೆ. ಅದನ್ನು ಹಾಗೇ ಬಿಟ್ಟು ಮೇಲಿನಿಂದ ಎಣ್ಣೆ ಬಿಟ್ಟರೆ ಚೈನು, ಫ್ರೀವೀಲು ಎರಡೂ ಬೇಗ ಸವೆಯುತ್ತವೆ. ಹಳೆಬಟ್ಟೆಯಲ್ಲಿ ಚೈನನ್ನು ಹಿಡಿದು ಒಬ್ಬರು ಪೆಡಲ್ ತಿರುಗಿಸುತ್ತಿದ್ದರೆ ಇನ್ನೊಬ್ಬರು ಒರೆಸಬಹುದು. ಬಟ್ಟೆಗೆ ಕೆಂಪು ಹತ್ತುವುದು ನಿಂತ ಮೇಲೆ ಸಂದಿಗೊಂದು ಹನಿ ಎಣ್ಣೆ, ಬ್ರೇಕ್ ರಬ್ಬರಿನಲ್ಲಿ ಸಿಕ್ಕಿದ ಹರಳುಗಳನ್ನು ಕೀಳುವುದು, ಟಯರಿನಲ್ಲಿ ಚುಚ್ಚಿಕೊಂಡ ಮುಳ್ಳನ್ನು ಬೆರಳಾಡಿಸಿ ಹುಡುಕುವುದು. ಎರಡು ಸೈಕಲ್ಲಿಗೂ ಸೇರಿ ಅರ್ಧ ಗಂಟೆ ಸಾಕು.